ಬಾಗಿಲಿಗೆ ಬಡಿದ ಜಾಲಿಮುಳ್ಳು

ನಮ್ಮ ಊರು ನಡುಗಿದ ಆ ವರ್ಷವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬಂದು ನಿಲ್ಲುವುದು ಒಂದು ಬಾಗಿಲವಾಡ. ಅದರ ಎಡಕ್ಕೆ ಗೋಡೆಯಿರಲಿಲ್ಲ, ಬಲಕ್ಕೂ ಇರಲಿಲ್ಲ, ಮೇಲೆ ಮಾಳಿಗೆಯಿರಲಿಲ್ಲ. ಕಲ್ಲು ಮಣ್ಣಿನ ಗುಡ್ಡೆಯ ನಡುವೆ ಅದೊಂದೇ ನೆಟ್ಟಗೆ ನಿಂತುಕೊಂಡಿತ್ತು. ಕದ ಮುಚ್ಚಿತ್ತು, ಕದಕ್ಕೆ ಬೀಗ ಬಿದ್ದಿತ್ತು, ಬೀಗದ ಮೇಲೆ ಅಡ್ಡಲಾಗಿ ಒಂದು ಜಾಲಿಮುಳ್ಳಿನ ಕೊಂಬೆಯನ್ನು ಇಟ್ಟು ಮೊಳೆ ಬಡಿದಿದ್ದರು. ಒಳಗೆ ಹೋಗಬೇಕೆನ್ನುವವರು ಬಾಗಿಲನ್ನು ಬಿಟ್ಟು ಪಕ್ಕಕ್ಕೆ ಎರಡು ಹೆಜ್ಜೆ ಸರಿದಿದ್ದರೆ ಸಾಕಿತ್ತು, ಒಳಗೇ ಇರುತ್ತಿದ್ದರು. ಆದರೆ ಓಣಿಯವರು ಯಾರೂ ಅತ್ತ ಕಾಲಿಟ್ಟಿರಲಿಲ್ಲ.

ನಾನಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಊರಲ್ಲಿ ತಲೆ ಎಣಿಸಬೇಕಾಗಲಿ, ದನ ಎಣಿಸಬೇಕಾಗಲಿ, ಸರಕಾರಕ್ಕೆ ಮೊದಲು ನೆನಪಾಗುವವರು ಶಾಲೆಯವರು. ನೆಲ ನಡುಗಿದರೂ ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ಬಿದ್ದ ಮನೆಗಳನ್ನು ನೋಡಿ ಬರೆದುಕೊಳ್ಳುವ ಕೆಲಸಕ್ಕೆ ನನ್ನನ್ನು ಹಾಕಿದರು. ನಮ್ಮ ಶಾಲೆಯೂ ಬಿದ್ದುಹೋಗಿತ್ತೆನ್ನಿ, ಕೂತು ಮಾಡುವುದಕ್ಕೆ ಬೇರೆ ಕೆಲಸವೇನೂ ಇರಲಿಲ್ಲ. ಆದರೂ ಮನಸ್ಸಿನಲ್ಲಿ ಬೈದುಕೊಂಡೇ ಹೋದೆ. ನಾನು ಬೈಯದೆ ಮಾಡಿದ ಕೆಲಸ ಕಡಿಮೆ.

ನನ್ನ ಜೊತೆ ಇದ್ದವರು ಇಂಜಿನಿಯರ್ ಮಂಟೂರ ಸಾಹೇಬರು. ಅವರ ಕೈಯಲ್ಲಿ ಕುಂಚ, ನನ್ನ ಕೈಯಲ್ಲಿ ಕೆಂಪು ಜಾಜು ಕಲಸಿದ ಬಕೆಟ್ಟು. ಬಿರುಕು ಬಿಟ್ಟ ಮನೆಯ ಮೇಲೆ ಕೆಂಪು ಗೆರೆ ಒಂದು, ಅರ್ಧ ಬಿದ್ದದ್ದಕ್ಕೆ ಎರಡು, ಪೂರ್ತಿ ನೆಲಕ್ಕೆ ಕೂತದ್ದಕ್ಕೆ ಮೂರು. ಮೂರು ಗೆರೆಯವರಿಗೆ ಊರಾಚೆಯ ಮೈದಾನದಲ್ಲಿ ಹೊಸ ಮನೆ ಕಟ್ಟಿಕೊಡುವುದೆಂದು ಆಗಿತ್ತು. ಮೈದಾನ ಸಣ್ಣದು, ಬಿದ್ದ ಮನೆಗಳು ಬಹಳ. ಪೇಟೆಯ ಕಡೆ ಎಣಿಸುವಾಗ ಉಳ್ಳವರು ದನದ ಕೊಟ್ಟಿಗೆ, ಹೊಟ್ಟಿನ ಕೋಣೆ, ಅಜ್ಜನ ಕಾಲದಲ್ಲೇ ಬೀಗ ಜಡಿದ ಮನೆಗಳನ್ನೆಲ್ಲ ತೋರಿಸಿ "ಇದೂ ನಮ್ಮ ವಾಸದ ಮನೆ" ಎಂದು ಗಂಟುಬಿದ್ದಿದ್ದರಂತೆ. ಅದಕ್ಕೇ ಸಾಹೇಬರು ಒಂದು ಪದ್ಧತಿ ಮಾಡಿದ್ದರು. ಒಂದು ದಿನ ಓಣಿಯನ್ನೆಲ್ಲ ತಿರುಗಿ ನೋಡುವುದು. ಮರುದಿನ 'ನಿಲ್ಲುವ ದಿನ'. ಆ ದಿನ ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಮನೆ ಬಿದ್ದ ಜಾಗದಲ್ಲಿ ನಿಂತು, ಒಳಗೆ ಇದ್ದವರ ಹೆಸರು ಕೂಗಿ ಹೇಳಬೇಕು. ಓಣಿಯ ಜನ ಹೌದೆನ್ನಬೇಕು. ಒಬ್ಬರು ಒಂದೇ ಕಡೆ ನಿಲ್ಲಬೇಕು. ಯಾರೂ ನಿಲ್ಲದ ಮನೆ ಪಾಳು ಮನೆ, ಅದಕ್ಕೆ ಗೆರೆಯಿಲ್ಲ. ಕೇಳುವುದಕ್ಕೆ ಇದು ಸರಿಯಾಗಿಯೇ ಇತ್ತು.

ಎಷ್ಟೋ ಓಣಿಗಳನ್ನು ತಿರುಗಿ, ಚಪ್ಪಲಿ ಹರಿದು, ಧೂಳು ಕುಡಿದು ಗಂಟಲು ಒಣಗಿ, ಕೊನೆಗೆ ನಾವು ಸುಣ್ಣಗಾರ ಓಣಿಗೆ ಬಂದೆವು. ಅಷ್ಟು ಹೊತ್ತಿಗೆ ನನಗೆ ಅಳುವವರನ್ನು ಕಂಡರೆ ಅಳು ಬರುವುದು ನಿಂತುಹೋಗಿತ್ತು. ಬಿದ್ದ ಮನೆ ಕಂಡರೆ ಮೂರು ಗೆರೆ ಎಂದು ಮಾತ್ರ ಅನ್ನಿಸುತ್ತಿತ್ತು. ದಣಿವು ಅಂದರೆ ಅದು, ಕಾಲಿನದಲ್ಲ.

ಆ ಓಣಿಯವರು ಸುಣ್ಣದ ಕಲ್ಲು ಸುಟ್ಟು ಬದುಕುವವರು. ಊರಿನ ಎಲ್ಲ ಮನೆಗಳ ಗೋಡೆಗೂ ಅವರ ಭಟ್ಟಿಯ ಸುಣ್ಣ. ಅವರ ಮನೆಗಳು ಮಾತ್ರ ಬರೀ ಮಣ್ಣಿನವು, ಮೇಲೆ ಮಣ್ಣಿನದೇ ಭಾರವಾದ ಮಾಳಿಗೆ. ನೆಲ ನಡುಗಿದ್ದು ಬೆಳಗಿನ ಜಾವ, ಎಲ್ಲರೂ ಆ ಮಾಳಿಗೆಯ ಕೆಳಗೆ ಮಲಗಿದ್ದರು. ಇದಕ್ಕಿಂತ ಹೆಚ್ಚು ಹೇಳಲಾರೆ.

ಮುಳ್ಳು ಬಡಿದ ಬಾಗಿಲಿನ ಮುಂದೆ ಮಂಟೂರ ಸಾಹೇಬರು ನಿಂತರು. ಕನ್ನಡಕ ಒರೆಸಿಕೊಂಡು ನೋಡಿದರು.

"ಪಾಳು ಮನಿ. ಮುಂದ ನಡೀರಿ ಅಕ್ಕೋರ."

"ಪಾಳಲ್ಲ ಸರ್, ಇದು ಜನ ಇದ್ದ ಮನೆ. ಹಾಲವ್ವನ ಮನೆ. ಮದುವೆಯಾಗಿ ಹೋದ ಅವಳ ಮಗಳು ನನ್ನ ಕೈಯಲ್ಲಿ ಕಲಿತವಳು. ಈ ಮನೆಯಲ್ಲಿ ನಾನು ರೊಟ್ಟಿ ತಿಂದಿದ್ದೇನೆ."

"ಹಂಗಾದ್ರ ಮಂದಿ ಎಲ್ಲಿ? ಕೀಲಿ ಹಾಕೇತಿ. ಮ್ಯಾಲ ಮುಳ್ಳ ಬಡದಾರ. ಇದ್ದ ಮನಿಗೆ ಯಾರರ ಮುಳ್ಳ ಬಡೀತಾರೇನ್ರಿ?"

ನಾನು ಸುತ್ತ ನೋಡಿದೆ. ದಾರಿಯ ಆಚೆ, ಬೇವಿನ ಮರದ ಕೆಳಗೆ ಹಾಲವ್ವ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈ ಎದೆಯ ಮೇಲೆ. ಉಳಿದ ಮನೆಗಳವರೆಲ್ಲ ನಮ್ಮನ್ನು ಕಂಡೊಡನೆ ಓಡಿ ಬರುತ್ತಿದ್ದರೆ ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು. ಸಾಹೇಬರನ್ನು ಮುಂದಕ್ಕೆ ಹೋಗಲು ಬಿಟ್ಟು ನಾನೇ ಅವಳ ಹತ್ತಿರ ಹೋದೆ.

"ಇಲ್ಲಿ ಯಾಕೆ ನಿಂತಿದ್ದೀ ಹಾಲವ್ವ? ನಾಳೆ ಅಲ್ಲಿ ನಿಲ್ಲಬೇಕು ನೀನು, ನಿನ್ನ ಮನೆಯ ಹತ್ತಿರ. ಇಲ್ಲದಿದ್ದರೆ ಹೊಸ ಮನೆ ಸಿಗುವುದಿಲ್ಲ."

"ಆಗೂದಿಲ್ರಿ ಅಕ್ಕೋರ. ಮುಳ್ಳ ಬಡದ ಮನಿ ಅದು. ಹೊಸ್ತಿಲ ತುಳಿಯಂಗಿಲ್ಲ."

"ಹೊಸ್ತಿಲೆಲ್ಲಿದೆ? ಎಲ್ಲ ಮಣ್ಣಾಗಿ ಹೋಗಿದೆ."

"ಐತ್ರಿ. ನೋಡ್ರಿ, ಅಲ್ಲೇ ಐತಿ."

ತಿರುಗಿ ನೋಡಿದೆ. ಇತ್ತು. ಬಾಗಿಲವಾಡದ ಕೆಳಗೆ ಅರಿಸಿನ ಕುಂಕುಮದ ಹಳೆಯ ಬಣ್ಣವನ್ನು ಇನ್ನೂ ಉಳಿಸಿಕೊಂಡು ಹೊಸ್ತಿಲು ಬಿದ್ದುಕೊಂಡಿತ್ತು.

ಸಂಗತಿ ಇಷ್ಟೇ. ಹಾಲವ್ವನ ಗಂಡ ಬರಮಪ್ಪ, ನೆಲ ನಡುಗುವುದಕ್ಕೆ ಕೆಲವು ವಾರ ಮೊದಲು ತೀರಿಕೊಂಡಿದ್ದ. ಮುಪ್ಪಿನ ಸಾವು, ಹೆಚ್ಚು ನರಳಲಿಲ್ಲ. ಆದರೆ ಸತ್ತ ಗಳಿಗೆ ಪಂಚಕದಲ್ಲಿ, ಕೆಟ್ಟವೆನ್ನುವ ಐದು ನಕ್ಷತ್ರಗಳ ಕಾಲದಲ್ಲಿ ಬಿತ್ತು. ಆ ನಕ್ಷತ್ರಗಳಲ್ಲಿ ಸಾವಾದರೆ ಮನೆಯವರು ಆರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಬಡಿಯಬೇಕು, ಅವಧಿ ಮುಗಿಯುವವರೆಗೆ ಹೊಸ್ತಿಲು ದಾಟಬಾರದು, ಪಕ್ಕದಿಂದ ಒಳಗೆ ಹೋದರೂ ದಾಟಿದಂತೆಯೇ. ದಾಟಿದರೆ ಸತ್ತವನು ಜೊತೆಗೆ ಇನ್ನೊಬ್ಬರನ್ನು ಕರೆಯುತ್ತಾನೆ. ಹಾಲವ್ವ ಹಾಗೆಯೇ ಮಗ ಉಡಚಪ್ಪ, ಬಸುರಿ ಸೊಸೆ ಕಸ್ತೂರಿ, ಎರಡು ಮೊಮ್ಮಕ್ಕಳನ್ನು ಕಟ್ಟಿಕೊಂಡು ಭಟ್ಟಿಯ ಪಕ್ಕದ ಹುಲ್ಲಿನ ಛಾವಣಿಯ ಗುಡಿಸಲಿಗೆ ಹೋಗಿದ್ದಳು. ಸುಟ್ಟ ಸುಣ್ಣದ ಚೀಲಗಳನ್ನು ಒಟ್ಟುವ ಜಾಗ ಅದು. ನೆಲ ನಡುಗಿದಾಗ ಹುಲ್ಲು ಉದುರಿತು, ಅಷ್ಟೇ. ಈ ಮಾಳಿಗೆಯ ಕೆಳಗೆ ಇದ್ದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ.

"ಅಂದರೆ ಆ ಕೆಟ್ಟ ನಕ್ಷತ್ರವೇ ನಿಮ್ಮನ್ನು ಉಳಿಸಿತಲ್ಲೇ ಮಾರಾಯ್ತಿ!" ಎಂದೆ.

"ನಮ್ಮನ್ನ ಉಳಿಸ್ತು ಖರೇ." ಅವಳು ದನಿ ತಗ್ಗಿಸಿದಳು. "ಬಾಜೂಕಿನವರನ್ನ ಕರಕೊಂಡ ಹೋತು. ಪಂಚಕದ ಹೆಣ ಒಂಟಿ ಹೋಗೂದಿಲ್ರಿ ಅಕ್ಕೋರ. ನಾವು ಸಿಗಲಿಲ್ಲ, ಗ್ವಾಡಿ ಜಿಗದು ಫಕೀರವ್ವನ ಮನೀಗೆ ಹೋತು. ಓಣಿ ಮಂದಿ ಹಂಗ ಅಂತಾರ. ನನಗೂ ಹಂಗ ಅನಸ್ತೈತಿ. ಆಕೀ ಮಾರಿ ನೋಡೂ ಧೈರ್ಯ ಇಲ್ಲ ನನಗ."

ಪಕ್ಕದ ಮನೆಯ ಫಕೀರವ್ವ ಆ ಬೆಳಗಿನ ಜಾವ ಭಟ್ಟಿಗೆ ಬೆಂಕಿ ನೋಡಿಕೊಳ್ಳಲು ಹೋಗಿದ್ದಳು, ತನ್ನ ಸರದಿಗೆ. ತಿರುಗಿ ಬಂದಾಗ ಮಗನಿಲ್ಲ, ಸೊಸೆಯಿಲ್ಲ, ಮೊಮ್ಮಕ್ಕಳಿಲ್ಲ.

"ಕಾರಹುಣ್ಣಿಮಿ ದಾಟಿದ್ರ ಆರ ತಿಂಗಳ ಮುಗೀತಾವ," ಎಂದಳು ಹಾಲವ್ವ. "ಆವಾಗ ನಿಲ್ತೀನ್ರಿ. ಸಾಹೇಬ್ರಿಗೆ ಹೇಳ್ರಿ."

"ಸಾಹೇಬರು ನಾಡಿದ್ದು ಬೇರೆ ಊರಿಗೆ ಹೋಗುತ್ತಾರೆ. ಕಾರಹುಣ್ಣಿಮೆಗೆ ಮಳೆ ಹಿಡಿದಿರುತ್ತದೆ. ಮುಳ್ಳು ತೆಗೆದರೆ ಆಗುವುದಿಲ್ಲವೇ?"

"ಬಡದ ಕೈನ ತಗೀಬೇಕ್ರಿ. ತಗದ್ರೂ ಆರ ತಿಂಗಳ ಮುಗಿಯೂತನಕ ನಾವು ತುಳಿಯಂಗಿಲ್ಲ."

"ಯಾರು ಬಡಿದವರು?"

ಅವಳು ಸೆರಗನ್ನು ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. "ಬಿಡ್ರಿ ಅಕ್ಕೋರ, ಆ ಮಾತ ಈಗ್ಯಾಕ."

ಅಷ್ಟರಲ್ಲಿ ಉಡಚಪ್ಪ ಭಟ್ಟಿಯಿಂದ ಬಂದ. ಅವನ ಹುಬ್ಬು, ಮೀಸೆ ಎಲ್ಲ ಸುಣ್ಣದಿಂದ ಬೆಳ್ಳಗಾಗಿದ್ದವು. ಸಂಗತಿ ತಿಳಿದು, "ನಾ ನಿಲ್ತೀನ್ರಿ ಅಕ್ಕೋರ. ನಕ್ಷತ್ರ ನೋಡಿಕೋತ ಕುಂತ್ರ ಮಳ್ಯಾಗ ಸಾಯೂದ ನಾವು," ಎಂದ.

"ನೀ ಅಲ್ಲಿ ಕಾಲಿಟ್ಟಂದ್ರ ನಾ ಬಾವಿ ನೋಡಕೋತೀನಿ," ಎಂದಳು ತಾಯಿ. ಕೂಗಾಡಲಿಲ್ಲ, ಅಡುಗೆಯ ಉಪ್ಪು ಖಾರದ ಮಾತಾಡುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ನಂಬಿಕೆ ಬಂತು. "ಸೊಸೀಗೆ ದಿನ ತುಂಬಾಕ ಬಂದಾವ. ಹೊಟ್ಯಾಗಿಂದು ಏನ ಪಾಪ ಮಾಡೇತಿ?"

ಉಡಚಪ್ಪ ಹೆಂಡತಿಯ ಕಡೆ ನೋಡಿದ. ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅವನು ಬೇವಿನ ಬುಡದಲ್ಲಿ ಕುಸಿದು ಕೂತುಬಿಟ್ಟ.

ಇದು ಬರೀ ಮನೆಯ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಆ ಗುಡಿಸಲನ್ನು ನಾನು ಕಣ್ಣಾರೆ ಕಂಡೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ, ಮೈಗೆ ಸಿಡಿದರೆ ಚರ್ಮ ಏಳುತ್ತದೆ. ಮಳೆ ಬಂದಾಗ ಆ ಹುಲ್ಲಿನ ಛಾವಣಿ ಸೋರುತ್ತದೆ. ಅಂಥಲ್ಲಿ ಬಾಣಂತಿ, ಹಸುಗೂಸು! ಅದೂ ಭಟ್ಟಿಯ ಧಣಿ, ಮಳೆಗೆ ಮುಂಚೆ ಜಾಗ ಖಾಲಿ ಮಾಡಿರೆಂದು ಆಗಲೇ ಹೇಳಿಕಳಿಸಿದ್ದ. ಈ ಎಣಿಕೆಯಲ್ಲಿ ತಪ್ಪಿದರೆ ಅವರಿಗೆ ಹೋಗುವುದಕ್ಕೆ ಬೇರೆ ಜಾಗವೇ ಇರಲಿಲ್ಲ.

ಹೊರಡುವಾಗ ಫಕೀರವ್ವನ ಮನೆಯ ಮುಂದೆ ಹಾಯ್ದೆ. ಅವಳು ತನ್ನ ಮನೆಯ ಗುಡ್ಡೆಯ ಮೇಲೆ ಕೂತು ಒಳ್ಳೆಯ ಕಲ್ಲುಗಳನ್ನು ಆರಿಸಿ ಒಂದು ಕಡೆ ಒಪ್ಪವಾಗಿ ಜೋಡಿಸುತ್ತಿದ್ದಳು. ಅಗಲ ಮೈಯ, ಗಟ್ಟಿ ದನಿಯ ಹೆಂಗಸು. ಅವಳ ಬಾಯಿಗೆ ಅಂಜಿ ಓಣಿಯ ನಾಯಿಗಳೂ ದಾರಿ ಬಿಡುತ್ತಿದ್ದವೆಂದು ಹೇಳುತ್ತಿದ್ದರು. ಈಗ ಬಾಯೇ ಇರಲಿಲ್ಲ. ನಾನು ಅಲ್ಲೇ ನಿಂತೆ. ಅವಳೇ ಕೇಳಿದಳು.

"ಆ ಮನಿ ಬರಕೊಂಡ್ರಿ?" ಮುಳ್ಳಿನ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದಳು.

"ಇಲ್ಲ."

"ಯಾಕ್ರಿ?"

"ಮುಳ್ಳು ಬಡಿದಿದ್ದಾರಲ್ಲ. ಅವರು ಹೊಸ್ತಿಲು ತುಳಿಯುವ ಹಾಗಿಲ್ಲವಂತೆ. ನಾಳೆ ಯಾರೂ ನಿಲ್ಲದಿದ್ದರೆ ಪಾಳು ಮನೆ ಅಂತಾಗುತ್ತದೆ."

ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಇನ್ನೊಂದು ಕಲ್ಲನ್ನು ಎತ್ತಿದಳು. ನಾನು ಹೊರಟೆ.

ಸಂಜೆ ಮಂಟೂರ ಸಾಹೇಬರ ಡೇರೆಗೆ ಹೋಗಿ ಎಲ್ಲ ಹೇಳಿದೆ. ಅವರು ಕಾಲಿನ ಬೊಬ್ಬೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಅವರ ತಾಯಿ ಕೂಡ ಮನೆ ಕಳೆದುಕೊಂಡು ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಅವರಾಗಿ ಅದನ್ನು ಎಂದೂ ಹೇಳಲಿಲ್ಲ.

"ಅಕ್ಕೋರ, ನಾ ಒಬ್ಬರಿಗೆ ಬಾಗಲಾ ತಗದ್ರ ಹತ್ತ ಮಂದಿ ನುಗ್ಗತಾರ. ಪ್ಯಾಟ್ಯಾಗ ಕೀಲಿ ಹಾಕಿದ ಮನಿ ಒಂದೂ ಬರಕೊಂಡಿಲ್ಲ ನಾನು. ನಾಳೆ ಈ ಕೀಲಿ ಮನಿಗೆ ಗೆರಿ ಎಳದ್ರ ಅವರು ನನ್ನ ಅಂಗಿ ಹಿಡೀತಾರ. ಹಿಡದು, ಸುಣ್ಣಗಾರರ ಜಾಗಾನ ಕಸಕೋತಾರ."

"ಅವರು ಸುಳ್ಳು ಹೇಳುತ್ತಿಲ್ಲ ಸರ್."

"ನಾ ಎಲ್ಲಿ ಸುಳ್ಳಂದೆ? ನಿಲ್ಲಲಿ. ಆ ಮನ್ಯಾಗಿನವರು ಯಾರರ ಒಬ್ಬರು, ಒಂದ ಗಳಿಗಿ ನಿಲ್ಲಲಿ. ನಾ ಕಣ್ಣ ಮುಚ್ಚಿ ಮೂರ ಗೆರಿ ಎಳೀತೀನಿ. ಅಷ್ಟೂ ಆಗೂದಿಲ್ಲಂದ್ರ ನಾ ಏನ್ ಮಾಡ್ಲಿ, ನೀವ ಹೇಳ್ರಿ."

ಅವರು ಕೇಳಿದ್ದು ಒಂದು ಗಳಿಗೆ. ಹಾಲವ್ವನಿಗೆ ಆಗದೆ ಇದ್ದದ್ದು ಅದೊಂದೇ. ಡೇರೆಯಿಂದ ಹೊರಗೆ ಬಂದಾಗ ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಸಾಹೇಬರ ಮೇಲೆ, ಹಾಲವ್ವನ ಮೇಲೆ, ಹೊತ್ತು ಗೊತ್ತು ನೋಡದೆ ಸತ್ತ ಬರಮಪ್ಪನ ಮೇಲೆ. ಬಿದ್ದ ಮನೆಯನ್ನು ಎಣಿಸಬಹುದು, ಹೆದರಿಕೆಯನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು? ಗೆರೆ ಒಂದೋ, ಎರಡೋ, ಮೂರೋ?

ಮರುದಿನ ನಿಲ್ಲುವ ದಿನ. ನಾವು ಹೋಗುವಷ್ಟರಲ್ಲಿ ಓಣಿಯವರೆಲ್ಲ ತಮ್ಮ ತಮ್ಮ ಗುಡ್ಡೆಗಳನ್ನು ಹತ್ತಿ ನಿಂತಿದ್ದರು. ಕೆಲವರು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ಎಳೆದು ಉಟ್ಟಿದ್ದರು. ಒಬ್ಬ ಮುದುಕ, ತನ್ನ ಮನೆ ಇದೇ ಎನ್ನುವುದಕ್ಕೆ ಸಾಕ್ಷಿಯೆಂದು ಬೀಸುವ ಕಲ್ಲನ್ನು ಅಗೆದು ತೆಗೆದು ಮುಂದಿಟ್ಟುಕೊಂಡಿದ್ದ. ಸಾಹೇಬರು "ಯಾರದೀ ಮನಿ?" ಎಂದು ಕೇಳುವರು. ಮೇಲಿನಿಂದ ಹೆಸರುಗಳು ಬರುವವು. ಇದ್ದವರ ಹೆಸರಿನ ಜೊತೆಗೆ ಹೋದವರ ಹೆಸರನ್ನೂ ಕೂಗುವರು, ಕೂಗಿ ನಡುವೆ ನಿಲ್ಲಿಸುವರು. ಯಾರೂ ಅವಸರ ಮಾಡುತ್ತಿರಲಿಲ್ಲ. ಸುತ್ತಲಿನವರು "ಹೌದ್ರಿ, ಹೌದ್ರಿ" ಎನ್ನುವರು. ಸಾಹೇಬರು ಉಳಿದ ಮೊಂಡು ಗೋಡೆಗೆ ಗೆರೆ ಎಳೆಯುವರು. ನಾನು ಬಕೆಟ್ಟು ಎತ್ತಿಕೊಂಡು ಮುಂದಿನ ಮನೆಗೆ ಹೋಗುವೆನು.

ಮುಳ್ಳಿನ ಬಾಗಿಲು ಬಂತು. ಸಾಹೇಬರು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕನ್ನಡಕ ಒರೆಸಿದರು. ಅದು ಅವರ ಒಳ್ಳೆಯತನ.

"ಯಾರದೀ ಮನಿ?"

ಬೇವಿನ ಮರದ ಕೆಳಗೆ ಹಾಲವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಉಡಚಪ್ಪ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿದ್ದ. ಕಸ್ತೂರಿಯ ಸೆರಗು ಹಿಡಿದುಕೊಂಡು ಆ ಎರಡು ಮಕ್ಕಳು ನಮ್ಮನ್ನೇ ನೋಡುತ್ತಿದ್ದವು.

"ಯಾರದ್ರೀ ಈ ಮನಿ?"

ಓಣಿಯವರಿಗೆಲ್ಲ ಗೊತ್ತಿತ್ತು, ಯಾರೂ ಉಸಿರೆತ್ತಲಿಲ್ಲ. ಪಂಚಕದ ಹೊಸ್ತಿಲಿನ ಪರವಾಗಿ ಬಾಯಿ ಬಿಡುವುದಕ್ಕೂ ಅಂಜಿಕೆ.

"ನಡೀರಿ ಅಕ್ಕೋರ," ಎಂದರು ಸಾಹೇಬರು ಮೆಲ್ಲಗೆ. ನಾನು ಬಕೆಟ್ಟು ಎತ್ತಲಿಲ್ಲ.

ಆಗ ಪಕ್ಕದ ಗುಡ್ಡೆಯ ಮೇಲೆ ನಿಂತಿದ್ದ ಫಕೀರವ್ವ ಕೆಳಗಿಳಿದಳು. ಒಬ್ಬರು ಒಂದೇ ಕಡೆ ಎಂಬ ಮಾತು ಅವಳಿಗೂ ಗೊತ್ತಿತ್ತು. ಅವಳು ಕಲ್ಲುಗಳನ್ನು ದಾಟಿ, ನಮ್ಮ ಮುಂದೆಯೇ ಹಾಯ್ದು, ಆ ಬಾಗಿಲಿನ ಎದುರು ನಿಂತು ಜಾಲಿಯ ಕೊಂಬೆಗೆ ಕೈ ಹಾಕಿದಳು.

"ಫಕೀರವ್ವಾ, ಬ್ಯಾಡ!" ಹಾಲವ್ವ ಆಚೆಯಿಂದ ಚೀರಿದಳು. ಮುಳ್ಳು ಬಡಿದ ದಿನದಿಂದ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. "ಬ್ಯಾಡ! ಮುಟ್ಟಬ್ಯಾಡ ಅದನ್ನ!"

"ನಾನ ಬಡದಿದ್ನಿ, ನಾನ ತಗೀತೀನಿ."

"ನಿನಗ ಏನರ ಆದ್ರ?"

ಫಕೀರವ್ವ ತಿರುಗಿ ನೋಡಿದಳು. ಅವಳ ದನಿ ಹಳೆಯ ದನಿಯೇ, ಇಡೀ ಓಣಿಗೆ ಕೇಳುವಂಥದ್ದು.

"ನನಗ ಇನ್ನೇನ ಆಗೂದೈತಿ ಹಾಲವ್ವ? ಕರಕೊಂಡ ಹೋಗ್ತೈತೇನು? ಬರಲಿ, ನಮ್ಮ ಮನ್ಯಾಗ ಯಾರ ಉಳದಾರ ಕರಕೊಂಡ ಹೋಗಾಕ!"

ಹೀಗೆಂದು ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಮೊಳೆಗಳು ಕಿರ್ರೆಂದವು. ಒಂದು ಕಡೆ ಕಿತ್ತಿತು, ಇನ್ನೊಂದು ಕಡೆ ಬರಲಿಲ್ಲ. ಕಾಲೊಂದನ್ನು ಬಾಗಿಲವಾಡಕ್ಕೆ ಒತ್ತಿ ಮತ್ತೆ ಎಳೆದಳು. ಕೊಂಬೆ ಬಿಟ್ಟುಬಂತು. ಅಂಗೈಯಿಂದ ನೆತ್ತರು ಮೊಣಕೈವರೆಗೆ ಇಳಿಯುತ್ತಿತ್ತು, ಅವಳು ನೋಡಿಕೊಳ್ಳಲಿಲ್ಲ.

"ಕೀಲಿಕೈ ಒಗಿ ಇತ್ತಾಗ."

ಹಾಲವ್ವ ಅಳುತ್ತ ಸೆರಗಿನ ತುದಿಯ ಗಂಟು ಬಿಚ್ಚಿದಳು. ಗೋಡೆಯಿಲ್ಲದ ಮನೆಯ ಬೀಗದ ಕೈಯನ್ನು ಅವಳು ಅಷ್ಟು ದಿನ ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದ್ದಳು. ಅದು ದಾರಿಯ ಧೂಳಿನಲ್ಲಿ ಬಂದು ಬಿತ್ತು. ಫಕೀರವ್ವ ಎತ್ತಿಕೊಂಡು ಬೀಗ ತೆಗೆದಳು, ಕದ ನೂಕಿದಳು. ಒಳಗೆ ಆಕಾಶ ಕಂಡಿತು. ಹೊಸ್ತಿಲ ಮೇಲೆ ಕಾಲಿಟ್ಟು, ದಾಟಿ, ತಿರುಗಿ ನಿಂತು ಕೂಗಿದಳು:

"ಇದು ಹಾಲವ್ವನ ಮನೀರಿ ಸಾಹೇಬ್ರ! ಹಾಲವ್ವ, ಆಕೀ ಮಗ ಉಡಚಪ್ಪ, ಸೊಸಿ ಕಸ್ತೂರಿ, ಎರಡ ಹುಡುಗ್ರು. ಮತ್ತ ನಾನು."

"ನೀವ್ಯಾರು?"

"ಈ ಮನಿ ಹೆಣ್ಮಗಳು. ಹಾಲವ್ವನ ತಂಗಿ."

ಹಿಂದಿನ ದಿನ ಅವಳು ಪಕ್ಕದ ಗುಡ್ಡೆಯ ಮೇಲೆ ಕಲ್ಲು ಆರಿಸುತ್ತಿದ್ದುದನ್ನು ಸಾಹೇಬರು ನೋಡಿರಲಿಲ್ಲವೇ? ನೋಡಿದ್ದರು. ಆ ದಿನ ಕೂಡ ಆ ಗುಡ್ಡೆಯಿಂದಲೇ ಇಳಿದು ಬಂದದ್ದು ನಮ್ಮಿಬ್ಬರ ಕಣ್ಣೆದುರಿಗೆ. ಅವರು ನನ್ನ ಕಡೆ ತಿರುಗಿದರು.

"ಅಕ್ಕೋರ, ಓಣಿ ನಿಮಗ ಗೊತ್ತು. ಈಕಿ ಈ ಮನಿಯಾಕೀನ ಏನ್ರಿ?"

ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸುತ್ತ ಕೂದಲು ನೆರೆತವಳು ನಾನು. "ಹೌದು ಸರ್, ಈ ಮನೆಯವಳೇ," ಎಂದೆ. ಇಂದಿಗೂ ನನಗೆ ಅದರ ಬಗ್ಗೆ ಕಿಂಚಿತ್ತೂ ಬೇಸರವಿಲ್ಲ.

"ಓಣಿ ಏನಂತೈತಿ?"

ಮೊದಲು ಬೀಸುವ ಕಲ್ಲಿನ ಮುದುಕ "ಹೌದ್ರಿ" ಎಂದ. ಆಮೇಲೆ ಇನ್ನೊಬ್ಬರು. ಆಮೇಲೆ ಎಲ್ಲ ಗುಡ್ಡೆಗಳಿಂದಲೂ "ಹೌದ್ರಿ, ಹೌದ್ರಿ" ಎಂದು ಬಂತು. ಸಾಹೇಬರು ಬಾಗಿ ಬಾಗಿಲವಾಡದ ಮೇಲೆ ಮೂರು ಗೆರೆ ಎಳೆದರು. ನಾನು ಬಕೆಟ್ಟು ಎತ್ತಿಕೊಂಡೆ.

ಮುಂದಿನದು ಫಕೀರವ್ವನ ಗುಡ್ಡೆ. ಅದರ ಮೇಲೆ ಯಾರೂ ಇರಲಿಲ್ಲ. ಅವಳು ಆರಿಸಿಟ್ಟ ಕಲ್ಲುಗಳು ಮಾತ್ರ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು.

"ಯಾರದೀ ಮನಿ?" ಎಂದರು ಸಾಹೇಬರು. ಅವರು ಕೇಳಿದ್ದು ಗುಡ್ಡೆಯನ್ನಲ್ಲ, ಹಾಲವ್ವನ ಹೊಸ್ತಿಲಿನೊಳಗೆ ನಿಂತಿದ್ದವಳನ್ನು.

"ಅದು ಪಾಳು ಮನೀರಿ," ಎಂದಳು ಫಕೀರವ್ವ. "ಅಲ್ಲಿ ಯಾರೂ ಇಲ್ಲ."

ಸಾಹೇಬರು ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿದರು. ತೆಗೆದರು. ಮತ್ತೆ ಅದ್ದಿದರು. ಆಮೇಲೆ ಏನೂ ಎಳೆಯದೆ ಮುಂದೆ ಹೋದರು. ಎಷ್ಟೋ ದಿನಗಳ ಮೇಲೆ ಆ ಹೊತ್ತು ನನಗೆ ಅಳು ಬಂತು. ಅಳುತ್ತಲೇ ಉಳಿದ ಮನೆಗಳನ್ನು ಮುಗಿಸಿದೆ, ಯಾರೂ ಯಾಕೆಂದು ಕೇಳಲಿಲ್ಲ.

ಕೆಲಸ ಮುಗಿದ ಮೇಲೆ ಬೇವಿನ ಮರದ ಕೆಳಗೆ ಫಕೀರವ್ವನನ್ನು ಕೂರಿಸಿಕೊಂಡು ನನ್ನ ಸೀರೆಯ ಪಿನ್ನಿನಿಂದ ಅವಳ ಅಂಗೈಯ ಮುಳ್ಳುಗಳನ್ನು ತೆಗೆದೆ. ಹಾಲವ್ವ ನೀರು ತಂದಿಟ್ಟು ಸ್ವಲ್ಪ ದೂರ ನಿಂತಿದ್ದಳು.

"ಬರಮಪ್ಪಣ್ಣ ಹ್ವಾದಾಗ ಪಂಚಕ ಪಂಚಕ ಅಂತ ಬೊಬ್ಬಿ ಹೊಡದಾಕಿ ನಾನ್ರಿ ಅಕ್ಕೋರ," ಎಂದಳು ಫಕೀರವ್ವ. "ಬಾಜೂಕ ನಮ್ಮ ಸಣ್ಣ ಹುಡುಗ್ರು ಇದ್ವು. ನಕ್ಷತ್ರ ಗ್ವಾಡಿ ಜಿಗದು ಬಂದೀತಂತ ಅಂಜಿಕಿ. ಈಕಿ ಕಾಲ ಹಿಡಕೊಂಡ್ಲು, ಬಸುರಿ ಸೊಸೀನ ಕಟಗೊಂಡು ಎಲ್ಲಿ ಹೋಗ್ಲಿ ಅಂದ್ಲು. ನಾ ಕೇಳಲಿಲ್ಲ. ಸಾಮಾನ ಹೊರಗ ಇಡಿಸಿದೆ. ಮುಳ್ಳ ಕಡಕೊಂಡ ಬಂದು ನಾನ ಬಡದೆ."

ನಾನು ಮುಳ್ಳು ತೆಗೆಯುತ್ತಿದ್ದೆ. ಅವಳು ಕೈಯನ್ನು ಒಂದಿಷ್ಟೂ ಅಲುಗಿಸಲಿಲ್ಲ.

"ನಾ ಹೊರಗ ಹಾಕಿದವರು ಉಳದ್ರು," ಎಂದಳು. "ನಾ ಹೊದಿಸಿ ಒಳಗ ಮಲಗಿಸಿದವರು ಹ್ವಾದ್ರು."

ಹಾಲವ್ವ ಹತ್ತಿರ ಬಂದು ಅವಳ ಪಕ್ಕದಲ್ಲಿ ಕೂತಳು. ತನ್ನ ಸೆರಗಿನ ತುದಿಯನ್ನು ಹರಿದು, ನೀರಲ್ಲಿ ಅದ್ದಿ, ಅವಳ ಕೈಗೆ ಸುತ್ತಿದಳು. ಸುತ್ತಿ ಗಂಟು ಹಾಕುತ್ತ, "ಮುಂಜಾನಿಂದ ಏನರ ತಿಂದಿಯೇನು?" ಎಂದು ಕೇಳಿದಳು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಮಂಟೂರ ಸಾಹೇಬರು ಬೇರೆ ಊರಿಗೆ ಹೋದರು, ಮತ್ತೆ ಅವರನ್ನು ನಾನು ಕಾಣಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮೈದಾನದಲ್ಲಿ ಮನೆಗಳು ಎದ್ದವು. ಒಂದೇ ಅಚ್ಚಿನ, ಸಣ್ಣ ಸಣ್ಣ, ಹಗುರ ಛಾವಣಿಯ ಮನೆಗಳು. ಚೆಂದವೇನೂ ಇರಲಿಲ್ಲ. ಜನ ಹೋದರು, ಗೊಣಗಿದರು, ಇದ್ದರು. ನಮ್ಮ ಶಾಲೆಯೂ ಒಂದು ತಗಡಿನ ಶೆಡ್ಡಿನಲ್ಲಿ ಮತ್ತೆ ಶುರುವಾಯಿತು. ನನ್ನ ದಣಿವು ಮಾತ್ರ ಬಹಳ ದಿನ ಹೋಗಲಿಲ್ಲ. ಹಾದಿಯಲ್ಲಿ ಯಾವ ಗೋಡೆ ಕಂಡರೂ ಕಣ್ಣು ತಾನಾಗಿ ಕೆಂಪು ಗೆರೆ ಹುಡುಕುತ್ತಿತ್ತು.

ಬಿಸಿಲು ಬಿದ್ದ ಒಂದು ದಿನ ಆ ಕಡೆ ಹೋದೆ. ಕಸ್ತೂರಿ ಹೆತ್ತು ಎರಡು ಮೂರು ತಿಂಗಳಾಗಿತ್ತು, ಹೆಣ್ಣುಕೂಸು. ಕಾರಹುಣ್ಣಿಮೆಯೂ ಎಂದೋ ಕಳೆದಿತ್ತು. ಬರಮಪ್ಪ ಮತ್ತೆ ಯಾರನ್ನೂ ಕರೆಯಲಿಲ್ಲ. ಹಾಲವ್ವನ ಹೊಸ ಮನೆಯ ಮುಂದೆ ಫಕೀರವ್ವ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರೆರೆಯುತ್ತಿದ್ದಳು. ಕೂಸು ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು.

"ಯಾರ ಹಂಗ ಆಗೇತಿ ನೋಡ್ರಿ ಅಕ್ಕೋರ ಇದರ ಬಾಯಿ!" ಎಂದಳು ಹಾಲವ್ವ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

"ಮನಿ ಹೆಣ್ಮಗಳ ಹಂಗ ಆಗದ ಇನ್ಯಾರ ಹಂಗ ಆಗಬೇಕು," ಎಂದಳು ಫಕೀರವ್ವ.

ಅಂಗಳದ ಮೂಲೆಯಲ್ಲಿ ಒಂದು ನುಗ್ಗೆಯ ಸಸಿ ನೆಟ್ಟಿದ್ದರು. ಆಡು ಬಾಯಿ ಹಾಕದಂತೆ ಅದರ ಸುತ್ತ ಒಣಗಿದ ಜಾಲಿಮುಳ್ಳು ಸುತ್ತಿದ್ದರು. ಕೊಂಬೆಯ ಒಂದು ತುದಿಯಲ್ಲಿ ತುಕ್ಕು ಹಿಡಿದ ಮೊಳೆಯೊಂದು ಇನ್ನೂ ಇತ್ತು. ಆ ಕೊಂಬೆಯ ಮೇಲೆ ಒಗೆದು ಒಣಹಾಕಿದ್ದ, ಕೂಸಿನ ತಲೆ ಮುಚ್ಚುವ ಕುಂಚಿಗೆ ಗಾಳಿಗೆ ಹೊರಳಿ ಮುಳ್ಳಿಗೆ ಸಿಕ್ಕಿಕೊಂಡಿತ್ತು.

ಕೂಸನ್ನು ಒರೆಸಿ ಹಾಲವ್ವನ ಕೈಗೆ ಕೊಟ್ಟು ಫಕೀರವ್ವ ಎದ್ದು ಹೋದಳು. ಸಸಿಯ ಹತ್ತಿರ ಕೂತು ಕುಂಚಿಗೆಯನ್ನು ಬಿಡಿಸತೊಡಗಿದಳು.

"ಮೆಲ್ಲಕ, ಹರೀತೈತಿ," ಎಂದಳು ಹಾಲವ್ವ.

"ನನಗೇನ ಅವಸರ," ಎಂದಳು ಅವಳು. ಗಾಯದ ಕಲೆ ಉಳಿದ ಆ ದಪ್ಪ ಬೆರಳುಗಳಿಂದ ಒಂದೊಂದೇ ಮುಳ್ಳನ್ನು ಸರಿಸುತ್ತ, ಒಂದೊಂದೇ ಎಳೆಯನ್ನು ಬಿಡಿಸುತ್ತ ಬಹಳ ಹೊತ್ತು ಅಲ್ಲಿಯೇ ಕೂತಿದ್ದಳು.